ಮಂಡಕ್ಕಿ ಪಕ್ಕದ ಆಲೂಬಜ್ಜಿ ಮತ್ತು ಅದರ ದೂರದ ನೆಂಟರು

ಕೊಪ್ಪಳದಲ್ಲಿ ಏಪ್ರಿಲ್ ತಿಂಗಳ ಒಂದು ಭಾನುವಾರ ಸಂಜೆ, ಶಾಲೆಯೊಂದರ ಅಂಗಳದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೂತವರು ನಡುನಡುವೆ ಹೇಳಿದ್ದನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಬಿಸಿಲು ಇಳಿಯಲಿ ಅಂತ ಆರೂವರೆಗೆ ಇಟ್ಟುಕೊಂಡೆವು. ಆದರೂ ಕುರ್ಚಿಗಳು ಇನ್ನೂ ಬೆಚ್ಚಗಿವೆ. ಹಿಂದೆ ಎಣ್ಣೆ ಕಾಯೋಕೆ ಇಟ್ಟಿದ್ದಾರೆ, ವಾಸನೆ ಬರ್ತಿದೆ ಅಲ್ವಾ? ಮಾತು ಮುಗಿಯುವ ಹೊತ್ತಿಗೆ ಬಿಸಿ ಬಜ್ಜಿ ಬರುತ್ತದೆ.

ನಮ್ಮವ್ವ ಗಂಗಾವತಿ ಬಸ್ ಸ್ಟ್ಯಾಂಡ್ ಹತ್ತಿರ ಇಪ್ಪತ್ತೆರಡು ವರ್ಷ ಮಿರ್ಚಿ ಬಂಡಿ ಇಟ್ಟಿದ್ದಳು. ಬೆಳಗ್ಗೆ ಮಂಡಕ್ಕಿ ಒಗ್ಗರಣಿ, ಜೊತೆಗೆ ಮಿರ್ಚಿ. ಸಂಜೆ ಮಿರ್ಚಿ ಜೊತೆ ಆಲೂಬಜ್ಜಿ, ಬೋಂಡಾ. ಶಾಲೆ ಬಿಟ್ಟ ಮೇಲೆ ಆಲೂಗಡ್ಡೆ ಹೆಚ್ಚುವ ಕೆಲಸ ನನ್ನದು. ಈಳಿಗೆ ಮುಂದೆ ಕೂತು ತೆಳ್ಳಗೆ ಬಿಲ್ಲೆ ಹಾಕಬೇಕು. ದಪ್ಪ ಆದರೆ ಒಳಗೆ ಹಸಿ ಉಳಿಯುತ್ತದೆ, ತೀರ ತೆಳ್ಳಗಾದರೆ ಹಿಟ್ಟಿನೊಳಗೆ ಕಳೆದೇ ಹೋಗುತ್ತದೆ. ಅವ್ವ ಒಂದು ಬಿಲ್ಲೆ ಎತ್ತಿ ಲಾಟೀನಿಗೆ ಹಿಡಿಯುತ್ತಿದ್ದಳು. ಬೆಳಕು ಮಂಕಾಗಿ ಆ ಕಡೆಯಿಂದ ಕಂಡರೆ ಸರಿ ಅಂತ ಲೆಕ್ಕ. ಕಡ್ಲಿಹಿಟ್ಟಿಗೆ ಅಜವಾನವನ್ನು ಅಂಗೈಯಲ್ಲಿ ತಿಕ್ಕಿ ಹಾಕುತ್ತಿದ್ದಳು. ಒಂದು ಹನಿ ಹಿಟ್ಟು ಎಣ್ಣೆಗೆ ಬಿಟ್ಟು, ಅದು ತಳ ಮುಟ್ಟಿ ತಕ್ಷಣ ಮೇಲೆ ಬಂದರೆ ಮಾತ್ರ ಮೊದಲ ಬಿಲ್ಲೆ ಒಳಗೆ.

ಆ ಬಂಡಿ ಮುಂದೆ ನಾನು ಭೂಗೋಳ ಕಲಿತೆ. ಮುಂದೆ ಮೂವತ್ತು ವರ್ಷ ಶಾಲೆಯಲ್ಲಿ ಅದನ್ನೇ ಕಲಿಸಿದೆ.

ಹೇಗೆ ಅಂತ ಹೇಳ್ತೀನಿ. ನಮ್ಮೂರಿನವರು ಬಂದರೆ "ಯಕ್ಕಾ, ಎರಡು ಆಲೂಬಜಿ ಕೊಡು" ಅನ್ನುತ್ತಿದ್ದರು. ಹುಬ್ಬಳ್ಳಿ ಕಡೆಯ ಲಾರಿ ಡ್ರೈವರ್ "ಬಟಾಟಿ ಬಜಿ ಅದಾವೇನ್ರೀ?" ಅಂತ ಕೇಳುತ್ತಿದ್ದ. ಕ್ಯಾಂಪುಗಳಿಂದ ಬರುವ ತೆಲುಗಿನವರು "ಉರ್ಲಗಡ್ಡ ಬಜ್ಜಿ" ಅನ್ನುತ್ತಿದ್ದರು. ತುಂಗಭದ್ರಾ ಡ್ಯಾಂ ಆದ ಮೇಲೆ ಕಾಲುವೆ ನೀರು ನಂಬಿ ಬಂದು ಭತ್ತ ಬೆಳೆದವರು ಅವರು. ಒಂದು ದಿನ ಮೈಸೂರು ಕಡೆಯ ಬ್ಯಾಂಕ್ ಅಧಿಕಾರಿ ಒಬ್ಬರು ಬಂದು "ಅಮ್ಮಾ, ಎರಡು ಆಲೂಗಡ್ಡೆ ಬೋಂಡ" ಅಂದರು. ಅವ್ವ ದುಂಡನೆಯದು ಎರಡು ಹಾಕಿ ಕೊಟ್ಟಳು. ಅವರು "ಇದಲ್ಲಮ್ಮ, ಅದು" ಅಂತ ಬಿಲ್ಲೆ ಬಜ್ಜಿ ತೋರಿಸಿದರು. ನಮಗೆ ಬೋಂಡಾ ಅಂದರೆ ಬೇಯಿಸಿದ ಆಲೂ ಹಿಸುಕಿ, ಉಂಡೆ ಕಟ್ಟಿ, ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಅವರ ಕಡೆ ಬಿಲ್ಲೆ ಕರಿದರೂ ಬೋಂಡವೇ, ಮೆಣಸಿನಕಾಯಿ ಕರಿದರೂ ಬೋಂಡವೇ. ಅವರ ಮನೆಯಲ್ಲಿ ಬಜ್ಜಿ ಅಂದರೆ ಮೊಸರು ಬಜ್ಜಿ, ಬದನೆಕಾಯಿ ಬಜ್ಜಿ. ಎಣ್ಣೆ ಬಾಣಲಿಗೂ ಅದಕ್ಕೂ ಸಂಬಂಧವೇ ಇಲ್ಲ.

ಆ ದಿನದಿಂದ ಅವ್ವ ಗಿರಾಕಿ ಬಾಯಿ ತೆರೆದ ಕೂಡಲೇ ಯಾವ ಕಡೆಯವರು ಅಂತ ಹೇಳೋಕೆ ಶುರು ಮಾಡಿದಳು. ಮಂಡಕ್ಕಿಯಲ್ಲೂ ಹಾಗೇ ಅಲ್ವಾ? ನಾವು ಮಂಡಕ್ಕಿ ಅಂತೀವಿ. ಧಾರವಾಡದವರು ಚುರುಮುರಿ ಅಂತಾರೆ, ಬೆಂಗಳೂರಿನವರು ಪುರಿ ಅಂತಾರೆ, ರಾಯಚೂರು ದಾಟಿ ಮೇಲಕ್ಕೆ ಹೋದರೆ ಮಂಡಾಳು. ತಿನ್ನುವ ವಸ್ತು ಒಂದೇ. ಹೆಸರು ಹಿಡಿದು ಹೊರಟರೆ ದಾರಿ ಸಿಗುತ್ತದೆ. ಯಾರು ಯಾರ ಹತ್ತಿರ ಕಲಿತರು, ಯಾವ ಬಂದರಿನಿಂದ ಬಂತು, ಯಾರ ಕೈ ದಾಟಿ ಬಂತು, ಎಲ್ಲ ಹೆಸರಿನಲ್ಲೇ ಇರುತ್ತದೆ. ಈ ಸಂಜೆ ಆಲೂಗಡ್ಡೆಯ ಹೆಸರು ಹಿಡಿದು ಸ್ವಲ್ಪ ದೂರ ಹೋಗಿ ಬರೋಣ.

ಮೊದಲು ಗಡ್ಡೆಯದೇ ಹೆಸರು. ಇದು ಹುಟ್ಟಿದ್ದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ. ಪೆರು ಮತ್ತು ಬೊಲಿವಿಯಾ ನಡುವೆ ಟಿಟಿಕಾಕಾ ಅಂತ ದೊಡ್ಡ ಸರೋವರ ಇದೆ. ಅದರ ಸುತ್ತಲಿನ ಜನ ಏಳೆಂಟು ಸಾವಿರ ವರ್ಷಗಳ ಹಿಂದೆಯೇ ಕಾಡುಗಡ್ಡೆಯನ್ನು ಹೊಲದ ಬೆಳೆ ಮಾಡಿಕೊಂಡರು. ಅಲ್ಲಿನ ಕೆಚುವಾ ಭಾಷೆಯಲ್ಲಿ ಇದರ ಹೆಸರು ಪಾಪಾ. ಅಲ್ಲಿ ಇವತ್ತಿಗೂ ಪಾಪಾ ಅಂತಲೇ ಕೇಳಿ ಕೊಳ್ಳುತ್ತಾರೆ. ನಾಲ್ಕು ಸಾವಿರಕ್ಕೂ ಜಾಸ್ತಿ ತಳಿಗಳಿವೆ. ನೇರಳೆ ಬಣ್ಣದ್ದು, ಕೆಂಪು, ಕಪ್ಪು, ಬೆರಳಿನ ಹಾಗೆ ಉದ್ದದ್ದು, ಗಂಟುಗಂಟಾದದ್ದು.

ಬಟಾಟ ಅನ್ನೋದು ಬೇರೆ ಜನರ ಮಾತು. ಕೆರಿಬಿಯನ್ ದ್ವೀಪಗಳಲ್ಲಿದ್ದ ತೈನೊ ಜನ ಗೆಣಸನ್ನು ಬಟಾಟ ಅನ್ನುತ್ತಿದ್ದರು. ಸ್ಪೇನಿನವರು ಮೊದಲು ಗೆಣಸು ಕಂಡರು, ಆಮೇಲೆ ಆಲೂ ಕಂಡರು. ಎರಡೂ ನೆಲದೊಳಗಿನ ಗಡ್ಡೆ ತಾನೇ? ಬಟಾಟ ಮತ್ತು ಪಾಪಾ ಕಲಸಿ ಪಟಾಟ ಆಯಿತು. ಇಂಗ್ಲಿಷಿನ ಪೊಟೇಟೊ ಕೂಡ ಅದೇ ಗೆಣಸಿನ ಹೆಸರಿನಿಂದ ಬಂದದ್ದು. ಪೋರ್ಚುಗೀಸರು ಬಟಾಟ ಅನ್ನುವುದನ್ನು ಹಾಗೇ ಉಳಿಸಿಕೊಂಡು ಪಶ್ಚಿಮ ಕರಾವಳಿಗೆ ತಂದರು. ಕೊಂಕಣಿ, ಮರಾಠಿ, ಗುಜರಾತಿಗೆ ಅದು ಬಟಾಟಾ ಆಯಿತು. ಬೆಳಗಾವಿ, ಧಾರವಾಡದಲ್ಲಿ ಬಟಾಟಿ, ನಮ್ಮ ಕರಾವಳಿಯಲ್ಲಿ ಬಟಾಟೆ. ಹುಬ್ಬಳ್ಳಿಯ ಆ ಡ್ರೈವರ್ ನಮ್ಮವ್ವನ ಬಂಡಿ ಮುಂದೆ ನಿಂತು "ಬಟಾಟಿ ಬಜಿ" ಅಂದಾಗ, ಅವನ ಬಾಯಲ್ಲಿ ಇದ್ದದ್ದು ಸಾವಿರಾರು ಮೈಲಿ ದೂರದ ಒಂದು ದ್ವೀಪದ ಗೆಣಸಿನ ಹೆಸರು. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಆಲೂಗಡ್ಡೆಯ ಹೆಸರಿನಲ್ಲಿ ಎರಡು ಮಾತು ಕೂಡಿವೆ. ಆಲು ಅಂದರೆ ಸಂಸ್ಕೃತದಲ್ಲಿ ತಿನ್ನುವ ಗಡ್ಡೆ. ಆಲೂಗಡ್ಡೆ ಈ ದೇಶಕ್ಕೆ ಬರುವ ಮುಂಚಿನಿಂದಲೂ ಇದ್ದ ಪದ. ಅದರ ಪಕ್ಕ ನಮ್ಮದೇ ಗಡ್ಡೆ. ಅಂದರೆ ಪ್ರತಿ ಸಲ ನಾವು ಗಡ್ಡೆಗಡ್ಡೆ ಅಂತಲೇ ಕರೆಯುತ್ತಿದ್ದೇವೆ. ತಮಿಳರು ಉರುಳೈಕಿಳಂಗು ಅನ್ನುತ್ತಾರೆ, ಉರುಳುವ ಗಡ್ಡೆ. ಕೋಲಾರದ ಉರುಳಗಡ್ಡೆ, ಕ್ಯಾಂಪಿನವರ ಉರ್ಲಗಡ್ಡ ಎಲ್ಲ ಅದೇ ಬಳಗ. ತೆಲುಗಿನಲ್ಲಿ ಇನ್ನೊಂದು ಹೆಸರಿದೆ, ಬಂಗಾಳದುಂಪ. ಬಂಗಾಳದ ಕಡೆಯ ಗಡ್ಡೆ ಅಂತ.

ಹೊರದೇಶದವರಿಗೂ ಇದನ್ನು ಕಂಡಾಗ ಏನೆನ್ನಬೇಕು ಅಂತ ತೋಚಲಿಲ್ಲ. ಗೊತ್ತಿದ್ದ ಹಣ್ಣು ಕಾಳುಗಳ ಹೆಸರೇ ಹಚ್ಚಿದರು. ಫ್ರೆಂಚರು ಪೊಮ್ ದ ತೇರ್ ಅಂದರು, ನೆಲದ ಸೇಬು. ಡಚ್ಚರ ಆರ್ದಾಪ್ಪೆಲ್ ಕೂಡ ನೆಲದ ಸೇಬೇ. ಇರಾನಿನವರ ಮಾತು ನಿಮಗೆಲ್ಲ ಹೇಳಿಕೊಡದೆ ಅರ್ಥ ಆಗುತ್ತದೆ, ಕೇಳಿ: ಸೀಬ್ ಜಮೀನಿ. ಸೇಬು, ಜಮೀನು! ಚೀನೀಯರು ತುದೋ ಅನ್ನುತ್ತಾರೆ, ಮಣ್ಣಿನ ಕಾಳು. ಜರ್ಮನ್ನರ ಕಾರ್ಟೋಫೆಲ್ ಇಟಲಿಯ ಒಂದು ಪದದಿಂದ ಬಂದದ್ದು. ಅದು ನೆಲದೊಳಗೆ ಬೆಳೆಯುವ ಒಂದು ಅಣಬೆಯ ಹೆಸರು. ಜಪಾನಿನಲ್ಲಿ ಜಗಾಇಮೊ. ಇಮೊ ಅಂದರೆ ಗಡ್ಡೆ. ಜಗಾ ಅಂದರೆ ಜಕಾರ್ತ, ಡಚ್ ಹಡಗುಗಳು ಆ ಕಡೆಯಿಂದ ತಂದವು ಅಂತ. ಶ್ರೀಲಂಕಾದಲ್ಲಿ ಸಿಂಹಳದವರು ಅರ್ತಾಪಲ್ ಅನ್ನುತ್ತಾರೆ. ಜೋರಾಗಿ ಹೇಳಿ ನೋಡಿ, ಡಚ್ಚರ ಆರ್ದಾಪ್ಪೆಲ್ ಒಳಗೆ ಕೇಳುತ್ತದೆ. ಡಚ್ಚರು ಅಲ್ಲಿಂದ ಹೋಗಿ ಇನ್ನೂರು ವರ್ಷ ಮೇಲಾಯಿತು. ಅವರ ಗಡ್ಡೆಯ ಹೆಸರು ಮಾತ್ರ ಉಳಿದಿದೆ.

ಈಗ ತಿಂಡಿಗೆ ಬರೋಣ. ಮಕ್ಕಳಿಗೆ ಮೊದಲು ನೆನಪಾಗುವುದೇ ಚಿಪ್ಸ್.

ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಇಂಗ್ಲೆಂಡಿಗೆ ಕೆಲಸಕ್ಕೆ ಹೋದ. ಹೋದ ವಾರದಲ್ಲೇ ರಾತ್ರಿ ಫೋನ್ ಮಾಡಿದ. "ಟೀಚರ್, ಚಿಪ್ಸ್ ಕೇಳಿದ್ರೆ ಬಿಸಿಬಿಸಿ ಬೆರಳು ದಪ್ಪದ ತುಂಡು ಕೊಟ್ರು, ಮೇಲೆ ವಿನೆಗರ್ ಹಾಕಿದ್ರು." ಅಲ್ಲಿ ಚಿಪ್ಸ್ ಅಂದರೆ ಅದೇ, ಮೀನಿನ ಜೊತೆ ಕೊಡುವುದು. ನಾವು ಚಿಪ್ಸ್ ಅನ್ನುವ ಗರಿಗರಿ ಬಿಲ್ಲೆಗೆ ಅಲ್ಲಿ ಕ್ರಿಸ್ಪ್ಸ್ ಅನ್ನಬೇಕು. ಅಮೆರಿಕದಲ್ಲಿ ಗರಿಗರಿ ಬಿಲ್ಲೆ ಚಿಪ್ಸ್, ಬೆರಳು ದಪ್ಪದ್ದು ಫ್ರೆಂಚ್ ಫ್ರೈಸ್. ಆಸ್ಟ್ರೇಲಿಯಾದಲ್ಲಿ ಎರಡೂ ಚಿಪ್ಸೇ. ಬೇಕಾದರೆ ಬಿಸಿಯದಕ್ಕೆ ಹಾಟ್ ಚಿಪ್ಸ್ ಅನ್ನುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಸ್ಲಪ್ ಚಿಪ್ಸ್ ಅಂತ ಇದೆ. ಆಫ್ರಿಕಾನ್ಸ್ ಭಾಷೆಯಲ್ಲಿ ಸ್ಲಪ್ ಅಂದರೆ ಮೆತ್ತಗೆ, ಜೋತುಬಿದ್ದದ್ದು. ದಪ್ಪಗೆ ಹೆಚ್ಚಿ, ಕರಿದು, ವಿನೆಗರ್ ಸುರಿದು ಮೆತ್ತಗೆ ಮಾಡಿಯೇ ತಿನ್ನುತ್ತಾರೆ. ಗರಿಗರಿ ಇಲ್ಲದಿದ್ದರೆ ಹಾಳಾಯಿತು ಅನ್ನುವವರು ನಾವು. ಅವರಿಗೆ ಮೆತ್ತಗಿದ್ದರೇನೇ ರುಚಿ. ಮೈಸೂರಿನವರ ಬೋಂಡ ನೆನಪಾಯಿತಾ?

ಉದ್ದದ ತುಂಡಿನ ಹೆಸರು ಯುರೋಪಿನಲ್ಲಿ ಹೇಗೆ ಹರಿದು ಹಂಚಿಹೋಯಿತು ನೋಡಿ. ಫ್ರೆಂಚಿನಲ್ಲಿ ಪೂರ್ತಿ ಹೆಸರು 'ಪೊಮ್ ದ ತೇರ್ ಫ್ರಿತ್', ಕರಿದ ನೆಲದ ಸೇಬು. ದಿನಾ ಹೇಳೋಕೆ ಉದ್ದ. ಬೆಲ್ಜಿಯಂ, ಫ್ರಾನ್ಸಿನವರು ಕರಿದದ್ದನ್ನು ಉಳಿಸಿಕೊಂಡು ಫ್ರಿತ್ ಅಂದರು. ಜರ್ಮನ್ನರು ಸೇಬನ್ನು ಉಳಿಸಿಕೊಂಡು ಪೊಮ್ಮೆಸ್ ಅಂದರು. ಅಂದರೆ ಜರ್ಮನಿಯ ಬೀದಿಯಲ್ಲಿ ಆಲೂ ಕೇಳುವ ಹುಡುಗ ಫ್ರೆಂಚಿನಲ್ಲಿ ಬರೀ ಸೇಬು ಕೇಳುತ್ತಿದ್ದಾನೆ. ನೆದರ್‌ಲ್ಯಾಂಡ್ಸ್ ಚಿಕ್ಕ ದೇಶ. ಅಲ್ಲೂ ಉತ್ತರದವರು ಪಟಾಟ್ ಅಂತಾರೆ, ದಕ್ಷಿಣದವರು ಫ್ರೀಟ್ ಅಂತಾರೆ. ಯಾವುದು ಸರಿ ಅಂತ ಇವತ್ತಿಗೂ ವಾದ ಮಾಡುತ್ತಾರಂತೆ. ನನಗೆ ಎರಡೂ ಸರಿ.

ಬೆಲ್ಜಿಯಂನವರಿಗೆ ಇದು ಊರಿನ ಮಾನ. ನಮ್ಮ ಮಿರ್ಚಿ ಬಂಡಿಯ ಹಾಗೆ ಅಲ್ಲಿ ಚೌಕಚೌಕದಲ್ಲಿ ಫ್ರಿತ್ ಅಂಗಡಿ. ಕಾಗದದ ಪೊಟ್ಟಣದಲ್ಲಿ ಹಾಕಿ ಮೇಲೆ ಮೆಯೊನೇಸ್ ಹಾಕಿ ಕೊಡುತ್ತಾರೆ. ಅವರು ಎರಡು ಸಲ ಕರಿಯುತ್ತಾರೆ. ಮೊದಲು 150 ಡಿಗ್ರಿ ಆಸುಪಾಸಿನಲ್ಲಿ ಒಳಗೆ ಬೇಯುವಷ್ಟು. ತೆಗೆದು ಆರಲು ಬಿಡುತ್ತಾರೆ. ಆಮೇಲೆ 180 ಡಿಗ್ರಿ ಹತ್ತಿರ ಎಣ್ಣೆ ಕಾಯಿಸಿ ಇನ್ನೊಮ್ಮೆ. ಮೊದಲ ಸಲ ಒಳಗಿನ ಹಿಟ್ಟು ಮೆತ್ತಗಾಗುತ್ತದೆ, ಎರಡನೇ ಸಲ ಹೊರಗಿನ ನೀರು ಹಾರಿ ಗಟ್ಟಿ ಚಿಪ್ಪು ಕಟ್ಟುತ್ತದೆ. ನಮ್ಮವ್ವ ಮಿರ್ಚಿಯನ್ನು ಅರ್ಧ ಕರಿದು ತೆಗೆದಿಟ್ಟು, ಗಿರಾಕಿ ಬಂದಾಗ ಮತ್ತೆ ಎಣ್ಣೆಗೆ ಬಿಡುತ್ತಿದ್ದಳು. ಇಲ್ಲಿರುವ ಬಂಡಿಯವರೂ ಹಾಗೇ ಮಾಡುತ್ತೀರಿ. ಬ್ರಸೆಲ್ಸ್‌ನಲ್ಲೂ ಗಂಗಾವತಿಯಲ್ಲೂ ಇದನ್ನು ಯಾರೂ ಪುಸ್ತಕ ಓದಿ ಕಲಿತಿಲ್ಲ.

ಹೆಸರಿನ ಮೇಲೆ ಜಗಳವೂ ಆಗಿದೆ. 2003ರಲ್ಲಿ ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಪ್ಪಲಿಲ್ಲ. ಆ ಸಿಟ್ಟಿಗೆ ಅಮೆರಿಕದ ಸಂಸತ್ತಿನ ಕೆಳಮನೆಯ ಕ್ಯಾಂಟೀನುಗಳಲ್ಲಿ ಫ್ರೆಂಚ್ ಫ್ರೈಸ್ ಹೆಸರು ತೆಗೆದು ಫ್ರೀಡಂ ಫ್ರೈಸ್ ಅಂತ ಬರೆದರು. ಮೂರು ವರ್ಷ ಕಳೆದು 2006ರಲ್ಲಿ ಹಳೆ ಹೆಸರೇ ವಾಪಸ್ ಬಂತು. ಮೇಲಿನವರು ಆರ್ಡರ್ ಮಾಡಿ ಇಟ್ಟ ಹೆಸರು ತಿನ್ನುವವರ ನಾಲಿಗೆ ಮೇಲೆ ಕೂರುವುದಿಲ್ಲ. ಬ್ರಿಟನ್ನಿನಲ್ಲಿ ಇನ್ನೊಂದು ನಡೆಯಿತು. ಅಲ್ಲಿ ಸಾಮಾನ್ಯವಾಗಿ ಆಹಾರಕ್ಕೆ ತೆರಿಗೆ ಇಲ್ಲ, ಆದರೆ ಆಲೂ ಕ್ರಿಸ್ಪ್ಸ್‌ಗೆ ಆಗ ನೂರಕ್ಕೆ 17.5ರಷ್ಟು ತೆರಿಗೆ. ಪ್ರಿಂಗಲ್ಸ್ ಮಾಡುವ ಕಂಪನಿ ನಮ್ಮದು ಕ್ರಿಸ್ಪೇ ಅಲ್ಲ ಅಂತ ಕೋರ್ಟಿಗೆ ಹೋಯಿತು. ಅದರಲ್ಲಿ ಆಲೂ ನೂರಕ್ಕೆ ಸುಮಾರು 42 ಮಾತ್ರ, ಉಳಿದದ್ದು ಬೇರೆ ಹಿಟ್ಟು, ಎಣ್ಣೆ. 2008ರಲ್ಲಿ ಒಂದು ಕೋರ್ಟ್ ಅವರ ಮಾತು ಒಪ್ಪಿತು. 2009ರಲ್ಲಿ ಮೇಲಿನ ಕೋರ್ಟ್ ಒಪ್ಪಲಿಲ್ಲ, ಇದು ಕ್ರಿಸ್ಪೇ ಅಂತ ತೀರ್ಪು ಕೊಟ್ಟಿತು.

ಗರಿಗರಿ ಚಿಪ್ಸ್ ಹುಟ್ಟಿದ ಕಥೆ ನೀವು ಕೇಳಿರಬಹುದು. 1853ರಲ್ಲಿ ಅಮೆರಿಕದ ಸರಟೋಗಾ ಸ್ಪ್ರಿಂಗ್ಸ್‌ನಲ್ಲಿ ಗಿರಾಕಿ ಒಬ್ಬ ದಪ್ಪ ಆಯಿತು ಅಂತ ಗೊಣಗಿದ, ಬಾಣಸಿಗ ಸಿಟ್ಟಿನಿಂದ ಕಾಗದದಷ್ಟು ತೆಳ್ಳಗೆ ಹೆಚ್ಚಿ ಕರಿದ ಅಂತ. ಚಂದದ ಕಥೆ. ಆದರೆ ಇಂಗ್ಲೆಂಡಿನ ಅಡುಗೆ ಪುಸ್ತಕವೊಂದರಲ್ಲಿ 1817ರಲ್ಲೇ ತೆಳ್ಳಗೆ ಹೆಚ್ಚಿ ಕರಿಯುವ ವಿಧಾನ ಅಚ್ಚಾಗಿದೆ.

ಇಲ್ಲಿಗೆ ಬಂದಾಗ ಮುಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ಕೈ ಎತ್ತಿದರು. "ಮೇಡಂ, ಮನ್ಯಾಗ ಚಿಪ್ಸ್ ಮಾಡಿದ್ರ ಕರ್ರಗಾಗ್ತಾವಲ್ರೀ, ಯಾಕ?" ಇದು ಒಳ್ಳೆಯ ಪ್ರಶ್ನೆ, ಉತ್ತರವೂ ಗಟ್ಟಿಯಾಗಿದೆ. ನಮ್ಮ ಜಿಲ್ಲೆಯಲ್ಲಿ ಆಲೂ ಬೆಳೆಯೋದು ಕಷ್ಟ. ರಾತ್ರಿ ತಂಪಿರಬೇಕು. ರಾತ್ರಿಯೂ 20 ಡಿಗ್ರಿಗಿಂತ ಮೇಲಿದ್ದರೆ ಗಿಡ ಎಲೆ ಬಿಡುತ್ತದೆ, ಗಡ್ಡೆ ಸರಿಯಾಗಿ ಕಟ್ಟುವುದಿಲ್ಲ. ಅದಕ್ಕೇ ನಮಗೆ ಹಾಸನದ್ದು ಬರುತ್ತದೆ, ಅದು ಮುಗಿದ ಮೇಲೆ ಆಗ್ರಾ ಕಡೆಯ ಕೋಲ್ಡ್ ಸ್ಟೋರೇಜಿನದ್ದು. ತೀರ ತಂಪಿನಲ್ಲಿ ಇಟ್ಟರೆ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಕಾದ ಎಣ್ಣೆಯಲ್ಲಿ ಕೆಂಪಾಗಿ, ಆಮೇಲೆ ಕಪ್ಪಾಗಿ ಕಹಿಯಾಗುತ್ತದೆ. ಮನೆಯಲ್ಲಿ ಫ್ರಿಜ್ಜಿನೊಳಗೆ ಇಟ್ಟರೂ ಅದೇ ಆಗುತ್ತದೆ. ಹಾಗಾಗಿ ಕರಿಯೋಕೆ ಇಟ್ಟ ಆಲೂ ಫ್ರಿಜ್ಜಿಗೆ ಬೇಡ. ಕತ್ತಲಲ್ಲಿ, ಗಾಳಿ ಆಡುವ ಬುಟ್ಟಿಯಲ್ಲಿರಲಿ. ತಂಪಿನಿಂದ ಬಂದದ್ದನ್ನು ಎರಡು ಮೂರು ವಾರ ಹೊರಗಿಟ್ಟರೆ ಸಕ್ಕರೆ ಸ್ವಲ್ಪ ಇಳಿಯುತ್ತದೆ. ಹೆಚ್ಚಿದ ಬಿಲ್ಲೆಗಳನ್ನು ಎರಡು ಮೂರು ನೀರಿನಲ್ಲಿ ತೊಳೆದು, ಬಟ್ಟೆ ಮೇಲೆ ಹರಡಿ ಪೂರ್ತಿ ಒರೆಸಿ ಕರಿಯಿರಿ.

ಸಕ್ಕರೆ ಕಡಿಮೆ ಇರುವ ತಳಿಗಳನ್ನೇ ಬೇರೆಯಾಗಿ ಮಾಡಿದ್ದಾರೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1998ರಲ್ಲಿ ಒಂದು ತಳಿ ಬಿಟ್ಟಿತು. ಅದರ ಹೆಸರು ಕುಫ್ರಿ ಚಿಪ್ಸೋನಾ. ಕುಫ್ರಿ ಶಿಮ್ಲಾ ಹತ್ತಿರದ ಊರು. ಚಿಪ್ಸೋನಾ ಅಂದರೆ ಚಿಪ್ಸ್ ಮತ್ತು ಸೋನಾ, ಚಿನ್ನ. ನಮ್ಮ ಸೋನಾ ಮಸೂರಿಯ ಸೋನಾ! ಗಂಗಾವತಿಯಲ್ಲಿ ಅಕ್ಕಿ ಚೀಲದ ಮೇಲೆ ಓದುವ ಪದ ಶಿಮ್ಲಾದ ಆಲೂಗಡ್ಡೆಯ ಮೇಲೂ ಕೂತಿದೆ.

ಹೆಸರಿನಿಂದ ಸ್ವಲ್ಪ ಆಚೆ ಹೋದರೂ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಈಗ ಏಪ್ರಿಲ್. ನಿಮ್ಮ ಮಾಳಿಗೆಗಳ ಮೇಲೆ ಹಳೆ ಸೀರೆ ಹಾಸಿದೆ, ಗೊತ್ತು. ಬಿಲ್ಲೆ ಮಾಡಿ, ಉಪ್ಪು ನೀರಿನಲ್ಲಿ ಅರ್ಧ ಬೇಯಿಸಿ, ಎರಡು ದಿನ ಬಿಸಿಲಿಗೆ ಹಾಕಿದರೆ ಆಲೂ ಸಂಡಿಗೆ ಗಲಗಲ ಅನ್ನುತ್ತದೆ. ಮಳೆಗಾಲಕ್ಕೆ ಡಬ್ಬಿಯಿಂದ ತೆಗೆದು ಕರಿದರೆ ಬೆಳ್ಳಗೆ ಅರಳುತ್ತದೆ. ಆಂಡಿಸ್ ಬೆಟ್ಟದವರೂ ಆಲೂ ಒಣಗಿಸುತ್ತಾರೆ. ಅದರ ಹೆಸರು ಚುನ್ಯೊ. ಅವರಿಗೆ ಇಂಥ ಬಿಸಿಲಿಲ್ಲ, ಹಿಮದ ರಾತ್ರಿ ಇದೆ. ಜೂನ್, ಜುಲೈನಲ್ಲಿ ಚಿಕ್ಕ ಗಡ್ಡೆಗಳನ್ನು ಬಯಲಿನಲ್ಲಿ ಹರಡುತ್ತಾರೆ. ರಾತ್ರಿ ಹೆಪ್ಪುಗಟ್ಟುತ್ತದೆ, ಹಗಲು ಬಿಸಿಲಿಗೆ ಕರಗುತ್ತದೆ. ಹೀಗೆ ಕೆಲವು ದಿನ ಆದ ಮೇಲೆ ಮನೆಮಂದಿ ಎಲ್ಲ ಬರಿಗಾಲಿನಲ್ಲಿ ತುಳಿದು ನೀರು ಹಿಂಡುತ್ತಾರೆ. ಪೂರ್ತಿ ಒಣಗಿದ ಚುನ್ಯೊ ಕಲ್ಲಿನ ಹಾಗೆ ಗಟ್ಟಿಯಾಗಿ, ಆದರೆ ಹಗುರವಾಗಿ, ಕಪ್ಪಗೆ ಇರುತ್ತದೆ ಮತ್ತು ವರ್ಷಗಟ್ಟಲೆ ಕೆಡುವುದಿಲ್ಲ. ಕೊಪ್ಪಳದ ಮಾಳಿಗೆ ಮೇಲೆ ಸೆಕೆ ಮಾಡುವ ಕೆಲಸವನ್ನು ಅಲ್ಲಿ ಚಳಿ ಮಾಡುತ್ತದೆ.

ಇನ್ನು ತುರಿದು ಮಾಡುವ ತಿಂಡಿ. ಹಸಿ ಆಲೂ ತುರಿದು, ಹಿಂಡಿ, ತವೆಯ ಮೇಲೆ ತಟ್ಟಿ ಸುಡುವುದು. ಇದು ಮಾಡದ ದೇಶವೇ ಕಡಿಮೆ. ಬೆಲಾರೂಸಿನ ದ್ರಾನಿಕಿ, ಉಕ್ರೇನಿನ ದೆರೂನಿ, ಜರ್ಮನಿಯ ರೈಬೆಕೂಖೆನ್, ಮೂರರ ಹೆಸರಿನಲ್ಲೂ ತುರಿಯುವ ಕೆಲಸವೇ ಇದೆ. ತುರಿಯುವಾಗ ಬೆರಳಿನ ಗೆಣ್ಣು ತರಚಿದವರೇ ಈ ಹೆಸರು ಇಟ್ಟಿರಬೇಕು ಅಂತ ನನ್ನ ನಂಬಿಕೆ. ಕೊರಿಯಾದಲ್ಲಿ ಗಮ್ಜಾಜನ್, ಐರ್ಲೆಂಡಿನಲ್ಲಿ ಬಾಕ್ಸ್ಟಿ. ಯಹೂದಿಗಳ ಲಾಟ್ಕೆ ಹನುಕ್ಕಾ ಹಬ್ಬದ ತಿಂಡಿ. ಒಂದು ದಿನಕ್ಕೆ ಸಾಕಾಗುವಷ್ಟಿದ್ದ ಎಣ್ಣೆ ಗುಡಿಯ ದೀಪದಲ್ಲಿ ಎಂಟು ದಿನ ಉರಿಯಿತು ಅನ್ನುವ ನೆನಪಿಗೆ ಆ ಹಬ್ಬದಲ್ಲಿ ಎಣ್ಣೆಯಲ್ಲಿ ಕರಿದದ್ದು ತಿನ್ನುತ್ತಾರೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ವಿಟ್ಜರ್‌ಲ್ಯಾಂಡಿನ ರೋಸ್ಟಿ. ಬರ್ನ್ ಕಡೆಯ ರೈತರ ಬೆಳಗಿನ ತಿಂಡಿ ಅದು. ಆ ದೇಶದಲ್ಲಿ ಒಂದು ಕಡೆ ಜರ್ಮನ್ ಮಾತಾಡುವವರು, ಇನ್ನೊಂದು ಕಡೆ ಫ್ರೆಂಚ್ ಮಾತಾಡುವವರು. ನಡುವಿನ ಗೆರೆಗೆ ಅವರು ಇಟ್ಟ ಹೆಸರು ರೋಸ್ಟಿಗ್ರಾಬೆನ್, ಅಂದರೆ ರೋಸ್ಟಿಯ ಕಂದಕ. ಚುನಾವಣೆ ಫಲಿತಾಂಶ ಬಂದಾಗ ಪತ್ರಿಕೆಗಳೂ ಇದೇ ಪದ ಬಳಸುತ್ತವೆ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತು "ಟೀಚರ್, ನಮ್ದು ರೊಟ್ಟಿ, ಅವರದು ಮುದ್ದಿ" ಅಂದ. ಎಷ್ಟು ಸರಿಯಾಗಿ ಹಿಡಿದ ನೋಡಿ. ಚಿತ್ರದುರ್ಗದ ಆಸುಪಾಸಿನಲ್ಲಿ ಎಲ್ಲೋ ಜೋಳದ ರೊಟ್ಟಿ ಮುಗಿದು ರಾಗಿಮುದ್ದೆ ಶುರುವಾಗುತ್ತದೆ. ನಮ್ಮ ಗೆರೆಗೆ ನಾವು ಹೆಸರು ಇಟ್ಟಿಲ್ಲ, ಅಷ್ಟೇ. ಆ ಹುಡುಗನ ಹಾಗೆ ನಕ್ಷೆ ಓದುವ ಮಕ್ಕಳು ಸಿಕ್ಕರೆ ಕಲಿಸುವವರಿಗೆ ಇನ್ನೇನು ಬೇಕು?

ಕೆನಡಾದ ಕ್ವಿಬೆಕ್‌ನಲ್ಲಿ ಪೂಟೀನ್ ಅಂತ ಇದೆ. ಕರಿದ ಆಲೂ ಮೇಲೆ ಚೀಸ್ ಗಟ್ಟಿ, ಅದರ ಮೇಲೆ ಬಿಸಿ ಗ್ರೇವಿ. 1950ರ ದಶಕದ ಕೊನೆಯಲ್ಲಿ ಹಳ್ಳಿಯ ಹೋಟೆಲುಗಳಲ್ಲಿ ಶುರುವಾಯಿತು. ತಾಂಜಾನಿಯಾದಲ್ಲಿ ಚಿಪ್ಸಿ ಮಯಾಯಿ, ಅಂದರೆ ಚಿಪ್ಸ್ ಹಾಕಿದ ಆಮ್ಲೆಟ್. ಮಯಾಯಿ ಅಂದರೆ ಸ್ವಾಹಿಲಿಯಲ್ಲಿ ಮೊಟ್ಟೆ. ಪಕ್ಕದ ಕೆನ್ಯಾದಲ್ಲಿ ನೈರೋಬಿಯ ಹೋಟೆಲಿಗೆ ಹೋಗಿ ಭಾಜಿಯಾ ಅಂತ ಕೇಳಿದರೆ ಏನು ಕೊಡುತ್ತಾರೆ ಗೊತ್ತಾ? ಆಲೂ ಬಿಲ್ಲೆ, ಕಡ್ಲಿಹಿಟ್ಟು, ಬಿಸಿ ಎಣ್ಣೆ. ನಮ್ಮವ್ವನ ಬಜ್ಜಿ! ವ್ಯಾಪಾರಕ್ಕೆ ಹೋದ ಗುಜರಾತಿಗಳ ಜೊತೆ ಹೋದದ್ದು ಅದು. ಈಗ ಕೆನ್ಯಾದವರಿಗೆ ಅದು ಅವರದೇ ತಿಂಡಿ. ಹಾಗೇ ಆಗಬೇಕು.

ಕೊನೆಗೆ ಉಂಡೆ. ಬೇಯಿಸಿ, ಹಿಸುಕಿ, ಕಟ್ಟಿ, ಕರಿದದ್ದು. ಪೆರುವಿನಲ್ಲಿ ಇದರ ಹೆಸರು ಪಾಪಾ ರೆಯೇನಾ, ತುಂಬಿದ ಆಲೂ. ಒಳಗೆ ಕೈಮಾ, ಈರುಳ್ಳಿ, ಬೇಯಿಸಿದ ಮೊಟ್ಟೆ. ಫ್ರೆಂಚರಲ್ಲಿ ಕ್ರೊಕೆತ್. ಕರುಂ ಅಂತ ಸದ್ದಾಗುವ ಹಾಗೆ ಕಚ್ಚುವುದಕ್ಕೆ ಅಲ್ಲಿ ಕ್ರೊಕೆ ಅನ್ನುತ್ತಾರೆ, ಅದರಿಂದ ಬಂದ ಹೆಸರು. ಇದು ಡಚ್ಚರಿಗೆ ಕ್ರೊಕೆಟ್ ಆಯಿತು, ಅವರ ಜೊತೆ ಇಂಡೋನೇಷ್ಯಾಕ್ಕೆ ಹೋಯಿತು. ಜಪಾನಿನಲ್ಲಿ ಕೊರೊಕ್ಕೆ ಆಗಿ 1912ರಿಂದ 1926ರವರೆಗಿನ ತೈಶೋ ಕಾಲದಲ್ಲಿ ಮನೆಮಾತಾಯಿತು. ಇವತ್ತಿಗೂ ಅಲ್ಲಿ ಮಾಂಸದ ಅಂಗಡಿಯವರೇ ಸಂಜೆ ಬಿಸಿ ಕೊರೊಕ್ಕೆ ಕರಿದು ಮಾರುತ್ತಾರೆ. ಇಂಡೋನೇಷ್ಯಾದಲ್ಲಿ ಪರ್ಕೆದೆಲ್ ಅಂತ ಇನ್ನೊಂದಿದೆ. ಅದರ ಹೆಸರು ಡಚ್ಚರ ಫ್ರಿಕಾದೆಲ್‌ನಿಂದ ಬಂದದ್ದು. ಡಚ್ಚರದು ಮಾಂಸದ ಉಂಡೆ. ಇಂಡೋನೇಷ್ಯಾದ ಹೆಂಗಸರ ಕೈಗೆ ಬಂದ ಮೇಲೆ ಮಾಂಸ ಕಡಿಮೆಯಾಗಿ ಆಲೂ ತುಂಬಿಕೊಂಡಿತು. ಹೆಸರು ಅವರದು, ಹೂರಣ ಇವರದು.

ಮುಂಬೈಯಲ್ಲಿ ಬಟಾಟಾ ವಡಾ. 1960ರ ದಶಕದಲ್ಲಿ ಅದನ್ನು ಪಾವ್ ನಡುವೆ ಇಟ್ಟು ಗಿರಣಿ ಕೆಲಸಗಾರರಿಗೆ ಕೊಟ್ಟರು, ವಡಾ ಪಾವ್ ಆಯಿತು. ಪಾವ್ ಕೂಡ ಪೋರ್ಚುಗೀಸ್, ಬಟಾಟಾ ಕೂಡ ಪೋರ್ಚುಗೀಸರು ತಂದದ್ದು. ನಡುವಿನ ವಡಾ ನಮ್ಮ ದೇಶದ್ದು. ಬಂಗಾಳದಲ್ಲಿ ಇದೇ ಉಂಡೆಯನ್ನು ಚಪ್ಪಟೆ ಮಾಡಿ ಕಡ್ಲಿಹಿಟ್ಟಿನಲ್ಲಿ ಕರಿದು ಆಲೂ ಚಾಪ್ ಅನ್ನುತ್ತಾರೆ ಅಂತ ನಾನು ಹೇಳುತ್ತಿದ್ದೆ.

ಆಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಹೆಂಗಸು ಎದ್ದರು. ಸಿಂಧನೂರು ತಾಲೂಕಿನ ಬಂಗಾಳಿ ಕ್ಯಾಂಪಿನವರು, ಮಗಳ ಮನೆಗೆ ಬಂದಿದ್ದರಂತೆ. ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ಕುಟುಂಬಗಳು ಅಲ್ಲಿ ನೆಲೆಸಿ ಅರ್ಧ ಶತಮಾನ ದಾಟಿತು. ಅವರ ಕನ್ನಡ ಅಪ್ಪಟ ಸಿಂಧನೂರಿನದು.

"ಟೀಚರ್, ಆಲೂ ಚಾಪ್ ಅಲ್ರೀ. ಆಲೂರ್ ಚಾಪ್."

ಮಕ್ಕಳು ನಕ್ಕರು. ಆಲೂರು ಅಂದರೆ ನಮ್ಮ ಕಡೆ ಊರಿನ ಹೆಸರು. ಅವರೂ ನಕ್ಕು, "ಊರಲ್ಲಪ್ಪ, ಆಲೂರ್ ಅಂದ್ರ ಆಲೂದು" ಅಂದರು. ಚಾಪ್ ಅನ್ನೋದು ಇಂಗ್ಲಿಷರ ಮಾಂಸದ ತುಂಡಿನ ಹೆಸರು, ಅಲ್ಲೂ ಮಾಂಸದ ಜಾಗಕ್ಕೆ ಆಲೂ ಬಂತು ಅಂತ ನಾನು ಸೇರಿಸಿದೆ. ಅವರು ತಲೆಯಾಡಿಸಿದರು. ಅವರಮ್ಮ ಹೇಗೆ ಮಾಡುತ್ತಿದ್ದರು ಅಂತ ಕೇಳಿದೆ. ಜೀರಿಗೆ, ಕೊತ್ತಂಬರಿ, ಒಣಮೆಣಸಿನಕಾಯಿ ಹುರಿದು ಕುಟ್ಟಿ ಹಾಕುವುದು, ಶೇಂಗಾ ಸೇರಿಸುವುದು, ಅಂಗೈಯಲ್ಲಿ ತಟ್ಟುವುದು, ಎಲ್ಲವನ್ನೂ ಗಾಳಿಯಲ್ಲೇ ಕೈಯಾಡಿಸಿ ತೋರಿಸಿದರು.

"ಬರೇ ಅದನ್ನ ತಿನ್ನಂಗಿಲ್ರೀ" ಅಂದರು. "ಮುಡಿ ಬೇಕು. ಮುಡಿ ಮ್ಯಾಲೆ ಚಾಪ್ ಇಟ್ಕೊಂಡು, ಹಸಿಮೆಣಸಿನಕಾಯಿ ಕಡ್ಕೊಂಡು ತಿನ್ನಬೇಕು."

"ಮುಡಿ ಅಂದ್ರೆ ಏನವ್ವಾ?" ಅಂತ ಒಬ್ಬ ಹುಡುಗ ಕೇಳಿದ.

ಹಿಂದಿನ ಮೇಜಿನ ಮೇಲೆ ಎಲ್ಲರಿಗೂ ಹಂಚಲು ತಟ್ಟೆ ಜೋಡಿಸಿದ್ದರು. ಅವರು ಹೋಗಿ ಒಂದು ತಟ್ಟೆಯಿಂದ ಮಂಡಕ್ಕಿ ಒಂದು ಹಿಡಿ ಎತ್ತಿ ಅವನ ಅಂಗೈಗೆ ಸುರಿದರು.